ರೂಢಿಯು ಕಾನೂನಾಗಬಲ್ಲುದೆ? — ಕಾನೂನು ಅಧ್ಯಾಪಕರಾಗಿ ಡಾ. ಅಂಬೇಡ್ಕರ್

ಭಾರತ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿ ಡಾ. ಭೀಮರಾವ್ ರಾಮಜಿ ಅಂಬೇಡ್ಕರರು ಮಾಡಿದ ಕಾರ್ಯವನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ದಲಿತರ ನಾಯಕರೆಂದು, ಅರ್ಥಶಾಸ್ತ್ರಜ್ಞರೆಂದು, ಬೌದ್ಧಧರ್ಮವನ್ನು ಸ್ವೀಕರಿಸಿದ ಮಹಾಪುರುಷರೆಂದು ಅವರ ವಿಷಯವಾಗಿ ಕನ್ನಡದಲ್ಲಿ ಬಂದಿರುವ ಗ್ರಂಥಗಳೂ ಕಡಮೆಯಲ್ಲ. ಆದರೆ ಅವರು ಮುಂಬಯಿಯ ಸರಕಾರಿ ಲಾ ಕಾಲೇಜಿನಲ್ಲಿ ಕಾನೂನನ್ನು ಬೋಧಿಸಿದ, ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಸಂಗತಿಯನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಉಪಜೀವನಕ್ಕಾಗಿ ಮಾಡಿದ ಚಾಕರಿ, ನಿಜವಾದ ಕೆಲಸವೆಲ್ಲ ಹೊರಗಿನ ಸಭೆಗಳಲ್ಲಿ ನಡೆಯಿತು ಎಂಬ ಭಾವನೆ ಅವರದು. ನಮಗೆ ಹಾಗೆ ತೋರುವುದಿಲ್ಲ. ತರಗತಿಯಲ್ಲಿ ಅವರ ಮುಂದಿದ್ದ ಪ್ರಶ್ನೆಯೂ ಬಯಲಿನಲ್ಲಿ ಅವರ ಮುಂದಿದ್ದ ಪ್ರಶ್ನೆಯೂ ಒಂದೇ ಆಗಿದ್ದಿತು: ಬಹುಕಾಲದಿಂದ ನಡೆದು ಬಂದಿತು ಎಂಬ ಮಾತ್ರಕ್ಕೆ ಒಂದು ರೂಢಿಯು ಕಾನೂನಿನ ಬಲವನ್ನು ಪಡೆಯಬಲ್ಲುದೆ? ಈ ಲೇಖನದಲ್ಲಿ ಆ ಒಂದು ಎಳೆಯನ್ನೇ ಹಿಡಿದು ನೋಡೋಣ.

೧೮೯೧ರಲ್ಲಿ ಮಹೂವಿನಲ್ಲಿ ಜನಿಸಿ, ಬಡೋದೆಯ ಮಹಾರಾಜರ ನೆರವಿನಿಂದ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ ಮರಳಿದ ಅಂಬೇಡ್ಕರರು ೧೯೧೮ರ ನವೆಂಬರಿನಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಸಂಬಳ ತಿಂಗಳಿಗೆ ೪೫೦ ರೂಪಾಯಿ. ಅವರ ಪಾಠವನ್ನು ಕೇಳಲು ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಬರುತ್ತಿದ್ದರು. ಆದರೆ ಪ್ರಾಧ್ಯಾಪಕರ ಕೊಠಡಿಯಲ್ಲಿ ಎಲ್ಲರಿಗಾಗಿ ಇಟ್ಟಿದ್ದ ನೀರಿನ ಮಡಕೆಯನ್ನು ಈ ಪ್ರಾಧ್ಯಾಪಕರು ಮುಟ್ಟಕೂಡದೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಿದರು. ಆ ಕಾಲೇಜಿನ ಯಾವ ನಿಯಮದಲ್ಲಿಯೂ ಅಂಥ ನಿಷೇಧ ಬರೆದಿರಲಿಲ್ಲ. ಬರೆಯುವ ಅವಶ್ಯಕತೆಯೇ ಇರಲಿಲ್ಲ. ರೂಢಿಯ ಶಕ್ತಿ ಇರುವುದು ಇಲ್ಲಿಯೇ. ೧೯೨೦ರ ಮಾರ್ಚಿನಲ್ಲಿ ಆ ಕೆಲಸವನ್ನು ಬಿಟ್ಟು ಅವರು ಮತ್ತೆ ಲಂಡನ್ನಿಗೆ ತೆರಳಿದರು. ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರರಾಗಿ, ಅರ್ಥಶಾಸ್ತ್ರದಲ್ಲಿ ಡಿ.ಎಸ್‌ಸಿ. ಪದವಿಯನ್ನೂ ಸಂಪಾದಿಸಿಕೊಂಡು ಬಂದು ೧೯೨೩ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಪಕ್ಷಗಾರರು ಬೇಗ ದೊರೆಯಲಿಲ್ಲ. ೧೯೨೫ರಿಂದ ಮೂರು ವರ್ಷ ಬಾಟ್ಲಿಬಾಯಿಯವರ ಲೆಕ್ಕಪತ್ರ ಶಿಕ್ಷಣ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸಿದರು. ಅವರು ಕಾನೂನಿನ ಅಧ್ಯಾಪಕರಾದುದು ಹೀಗೆ, ಅತ್ಯಂತ ಸಾಧಾರಣವಾದ ರೀತಿಯಲ್ಲಿ.

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಗೆ ಸೇರಿದ್ದವೆಂಬುದನ್ನು ನಮ್ಮ ಓದುಗರು ನೆನಪಿಡಬೇಕು. ೧೯೩೯ರಲ್ಲಿ ಬೆಳಗಾವಿಯಲ್ಲಿ ಲಾ ಕಾಲೇಜು ಹುಟ್ಟುವ ಮುನ್ನ ಈ ಭಾಗದ ತರುಣರು ಕಾನೂನು ಕಲಿಯಲು ಮುಂಬಯಿಗೋ ಪುಣೆಗೋ ಹೋಗಬೇಕಾಗುತ್ತಿತ್ತು. ಅಂಬೇಡ್ಕರರಿಗೂ ಈ ಸೀಮೆ ಅಪರಿಚಿತವಾಗಿರಲಿಲ್ಲ. ೧೯೨೫ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಕೂಡಿದ ಮುಂಬಯಿ ಪ್ರಾಂತೀಯ ಬಹಿಷ್ಕೃತ ಪರಿಷತ್ತಿಗೆ ಅವರು ಬಂದಿದ್ದರು. ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಅವರ ಪ್ರಯತ್ನದಿಂದ ವಸತಿನಿಲಯವೊಂದು ಪ್ರಾರಂಭವಾಯಿತು. ಮುಂದೆ ಹೇಳಲಿರುವ ಬೋಲೆಯವರ ಠರಾವು ಕೂಡ ನಮ್ಮ ಈ ಜಿಲ್ಲೆಗಳ ಕೆರೆ ಬಾವಿಗಳಿಗೆ ಅನ್ವಯಿಸುತ್ತಿದ್ದಿತು. ಮಹಾಡದ ಕೆರೆಯ ಕಥೆಯು ನಮಗೆ ದೂರದ್ದಲ್ಲ.

೧೯೨೩ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಒಂದು ಠರಾವು ಮಂಡಿಸಿ ಅಂಗೀಕಾರ ಪಡೆದರು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯಿಸುತ್ತಿರುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ನ್ಯಾಯಾಲಯಗಳ ಉಪಯೋಗಕ್ಕೆ ಅಸ್ಪೃಶ್ಯರಿಗೂ ಅವಕಾಶವಿರಬೇಕೆಂಬುದು ಅದರ ತಾತ್ಪರ್ಯ. ಕೊಲಾಬಾ ಜಿಲ್ಲೆಯ ಮಹಾಡದ ಪುರಸಭೆಯು ೧೯೨೪ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ನಿರ್ಣಯಿಸಿತು. ನಿರ್ಣಯವು ಕಡತದಲ್ಲಿಯೇ ಉಳಿಯಿತು. ಒಬ್ಬ ದಲಿತನೂ ಆ ನೀರನ್ನು ಮುಟ್ಟಲಾಗಲಿಲ್ಲ. ೧೯೨೭ರ ಮಾರ್ಚ್ ೨೦ರಂದು, ಆಗ ತಾನೇ ಶಾಸನ ಪರಿಷತ್ತಿಗೆ ನಾಮಕರಣ ಹೊಂದಿದ್ದ ಅಂಬೇಡ್ಕರರು ಸಾವಿರಾರು ಜನರೊಡನೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅಂದೇ ಊರಿನಲ್ಲಿ ಗಲಭೆಯಾಯಿತು, ಪರಿಷತ್ತಿಗೆ ಬಂದಿದ್ದ ಬಡವರ ಮೇಲೆ ದೊಣ್ಣೆಗಳು ಬಿದ್ದವು. ಬಳಿಕ ೧೦೮ ಕೊಡ ಪಂಚಗವ್ಯವನ್ನು ಸುರಿದು ಕೆರೆಯನ್ನು ‘ಶುದ್ಧಿ’ ಮಾಡಲಾಯಿತು. ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ಹಿಂತೆಗೆದುಕೊಂಡಿತು.

ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹ ಹೂಡುವುದೆಂದು ನಿಶ್ಚಯವಾದಾಗ ಊರಿನ ಸವರ್ಣೀಯರು ಒಂದು ಹೊಸ ಅಸ್ತ್ರವನ್ನು ಹಿಡಿದರು. ಅವರು ನ್ಯಾಯಾಲಯಕ್ಕೆ ಹೋದರು. ನರಹರಿ ದಾಮೋದರ ವೈದ್ಯ ಮೊದಲಾದ ವಾದಿಗಳು ಅಂಬೇಡ್ಕರರನ್ನೂ ಅವರ ಸಂಗಡಿಗರನ್ನೂ ಪ್ರತಿವಾದಿಗಳನ್ನಾಗಿ ಮಾಡಿ, ಕೆರೆಯು ಸ್ಪೃಶ್ಯರಿಗೆ ಮಾತ್ರ ಸೇರಿದ್ದು, ಅಸ್ಪೃಶ್ಯರು ಅದನ್ನು ಬಳಸದಿರುವುದು ಅನಾದಿ ಕಾಲದ ರೂಢಿ ಎಂದು ದಾವೆ ಹೂಡಿದರು. ಡಿಸೆಂಬರ್ ೧೪ರಂದು ತಾತ್ಕಾಲಿಕ ತಡೆಯಾಜ್ಞೆಯೂ ದೊರೆಯಿತು. ೨೫ನೆಯ ತಾರೀಖು ಪರಿಷತ್ತು ಕೂಡಿದಾಗ ಸಾವಿರಾರು ಜನ ಸೆರೆಮನೆಗೆ ಹೋಗಲು ಸಿದ್ಧರಾಗಿ ನಿಂತಿದ್ದರು. ಅಂದು ಸಂಜೆ ಮನುಸ್ಮೃತಿಯನ್ನು ಸುಟ್ಟ ಸಂಗತಿಯು ಲೋಕಪ್ರಸಿದ್ಧವಾಗಿದೆ. ಅದರ ಮರುದಿನಗಳಲ್ಲಿ ನಡೆದುದು ಅಷ್ಟು ಪ್ರಸಿದ್ಧವಲ್ಲ. ಆದರೆ ನಮ್ಮ ದೃಷ್ಟಿಯಲ್ಲಿ ಅದು ಅಷ್ಟೇ ದೊಡ್ಡದು. ಅಂಬೇಡ್ಕರರು ತಮ್ಮ ಜನರನ್ನು ಸಮಾಧಾನಪಡಿಸಿ, ಸರಕಾರದೊಡನೆ ನಮಗೆ ಜಗಳವಿಲ್ಲ, ನ್ಯಾಯಾಲಯದ ಆಜ್ಞೆಯನ್ನು ಮೀರುವುದು ಬೇಡವೆಂದು ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿಸಿದರು. ಮೆರವಣಿಗೆಯು ಕೆರೆಯನ್ನು ಸುತ್ತಿ ಬಂದಿತು, ನೀರನ್ನು ಮುಟ್ಟಲಿಲ್ಲ. ಸುಡಲು ಹಿಂಜರಿಯದ ಕೈ ಒಂದು ತಡೆಯಾಜ್ಞೆಯ ಮುಂದೆ ತಡೆದು ನಿಂತಿತು. ಇದರಲ್ಲಿ ಅಳುಕನ್ನು ಕಂಡವರು ಅಂದು ಅವರ ಅನುಯಾಯಿಗಳಲ್ಲಿಯೂ ಇದ್ದಿರಬಹುದು. ಆದರೆ ಎದುರಾಳಿಯು ರೂಢಿಯೇ ಕಾನೂನೆಂದು ವಾದಿಸುವಾಗ, ಅದು ಕಾನೂನಲ್ಲವೆಂದು ಸಾಧಿಸತಕ್ಕ ಸ್ಥಳವು ನ್ಯಾಯಾಲಯವೇ ಎಂಬುದನ್ನು ಅವರು ಸರಿಯಾಗಿ ಗ್ರಹಿಸಿದ್ದರು.

ದಾವೆಯು ಹತ್ತು ವರ್ಷ ನಡೆಯಿತು. ಅದು ನಡೆಯುತ್ತಿರುವಾಗಲೇ, ೧೯೨೮ರ ಜೂನ್ ತಿಂಗಳಲ್ಲಿ, ಅಂಬೇಡ್ಕರರು ಸರಕಾರಿ ಲಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ನಿಯಮಿತರಾದರು. ೧೮೫೫ರಲ್ಲಿ ಸ್ಥಾಪಿತವಾದ ಈ ಕಾಲೇಜಿನಲ್ಲಿ ಆ ಕಾಲದಲ್ಲಿಯೇ ಎಂ.ಸಿ. ಛಾಗ್ಲಾ ಅವರೂ ಬೋಧಿಸುತ್ತಿದ್ದರು. ಇಬ್ಬರೂ ಮುಂದೆ ದೇಶದ ಕಾನೂನಿನ ಮೇಲೆ ತಮ್ಮ ಮುದ್ರೆಯನ್ನೊತ್ತಿದವರು. ಕಾಲ ಸುಲಭದ್ದಾಗಿರಲಿಲ್ಲ. ದೇಶವೆಲ್ಲ ಸೈಮನ್ ಆಯೋಗವನ್ನು ಬಹಿಷ್ಕರಿಸಿದ್ದಾಗ, ಅದರೊಡನೆ ಸಹಕರಿಸಲು ನೇಮಕವಾದ ಮುಂಬಯಿ ಪ್ರಾಂತೀಯ ಸಮಿತಿಯ ಸದಸ್ಯತ್ವವನ್ನು ಅಂಬೇಡ್ಕರರು ಒಪ್ಪಿಕೊಂಡರು. ತಮ್ಮ ಜನರ ಅಹವಾಲನ್ನು ಹೇಳುವ ಯಾವ ಬಾಗಿಲನ್ನೂ ಮುಚ್ಚಿಕೊಳ್ಳಲಾರೆವೆಂಬುದು ಅವರ ನಿಲುವು. ಕಾಲೇಜಿನ ವಿದ್ಯಾರ್ಥಿಗಳು ಅವರ ತರಗತಿಯನ್ನೇ ಬಹಿಷ್ಕರಿಸಿದರು. ಬಹಿಷ್ಕಾರದ ಅನುಭವವು ಅವರಿಗೆ ಹೊಸದಾಗಿರಲಿಲ್ಲವಷ್ಟೆ.

೧೯೩೪–೩೫ರಲ್ಲಿ ಇಂಗ್ಲೆಂಡಿನ ಸಂವಿಧಾನವನ್ನು ಕುರಿತು ಅವರು ಅದೇ ಕಾಲೇಜಿನಲ್ಲಿ ನೀಡಿದ ಉಪನ್ಯಾಸಗಳ ಒಂದು ಭಾಗವೂ, ಸಾಕ್ಷ್ಯ, ಕಾಲಪರಿಮಿತಿ, ಆಸ್ತಿ ವರ್ಗಾವಣೆ, ನ್ಯಾಸ ಮೊದಲಾದ ವಿಷಯಗಳ ಟಿಪ್ಪಣಿಗಳೂ ಮಹಾರಾಷ್ಟ್ರ ಸರಕಾರ ಪ್ರಕಟಿಸಿದ ಅವರ ಬರಹಗಳ ೧೨ನೆಯ ಸಂಪುಟದಲ್ಲಿ ದೊರೆಯುತ್ತವೆ. ಆಗ ಪಠ್ಯವಾಗಿದ್ದುದು ಡೈಸಿಯ ಪ್ರಸಿದ್ಧ ಗ್ರಂಥ. ಪಾರ್ಲಿಮೆಂಟಿನ ಪರಮಾಧಿಕಾರ, ಕಾನೂನಿನ ಆಳ್ವಿಕೆ, ಸಂವಿಧಾನದ ಸಂಪ್ರದಾಯಗಳು — ಈ ಮೂರು ಡೈಸಿಯ ಸ್ತಂಭಗಳು. ಕಾನೂನಿನ ಆಳ್ವಿಕೆ ಎಂದರೆ ಯಾವ ಮನುಷ್ಯನೂ ಕಾನೂನಿಗಿಂತ ಮೇಲಲ್ಲ, ಎಲ್ಲರೂ ಒಂದೇ ನ್ಯಾಯಾಲಯಕ್ಕೆ ಒಳಪಟ್ಟವರು. ನೀರಿನ ಮಡಕೆಯನ್ನು ಮುಟ್ಟಕೂಡದೆಂದು ಹೇಳಿಸಿಕೊಂಡಿದ್ದ ಅಧ್ಯಾಪಕನೊಬ್ಬನು ಈ ಸೂತ್ರವನ್ನು ವಿವರಿಸುವಾಗ ಅದು ಬರಿಯ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿರಲಾರದು.

೧೯೩೫ರ ಮೇ ಕೊನೆಯ ವಾರದಲ್ಲಿ ಪತ್ನಿ ರಮಾಬಾಯಿಯವರು ತೀರಿಕೊಂಡರು. ಕೆಲವೇ ದಿನಗಳಲ್ಲಿ, ಜೂನಿನಲ್ಲಿ, ಅಂಬೇಡ್ಕರರು ಕಾಲೇಜಿನ ಪ್ರಿನ್ಸಿಪಾಲರೂ ನ್ಯಾಯಶಾಸ್ತ್ರದ ಪೆರಿ ಪ್ರಾಧ್ಯಾಪಕರೂ ಆದರು. ಮುಂಬಯಿಯ ಮುಖ್ಯ ನ್ಯಾಯಾಧೀಶನಾಗಿದ್ದ ಅರ್ಸ್ಕಿನ್ ಪೆರಿಯ ಹೆಸರಿನ ಪೀಠವಿದು. ಅಕ್ಟೋಬರ್ ೧೩ರಂದು ಯೇವಲೆಯಲ್ಲಿ, ತಾನು ಹಿಂದುವಾಗಿ ಹುಟ್ಟಿದ್ದರೂ ಹಿಂದುವಾಗಿ ಸಾಯುವುದಿಲ್ಲವೆಂಬ ಘೋಷಣೆ. ೧೯೩೬ರಲ್ಲಿ ಲಾಹೋರಿನ ಮಂಡಲವು ಹಿಂಜರಿದುದರಿಂದ ಭಾಷಣವಾಗದೆ ಪುಸ್ತಕವಾಗಿ ಹೊರಬಿದ್ದ ಜಾತಿವಿನಾಶದ ಪ್ರಬಂಧ. ಅದೇ ವರ್ಷ ಸ್ವತಂತ್ರ ಕಾರ್ಮಿಕ ಪಕ್ಷದ ಸ್ಥಾಪನೆ. ೧೯೩೭ರ ಫೆಬ್ರುವರಿಯಲ್ಲಿ ಮುಂಬಯಿ ವಿಧಾನಸಭೆಗೆ ಆಯ್ಕೆ. ಇಷ್ಟೆಲ್ಲವೂ ಒಬ್ಬ ಪ್ರಿನ್ಸಿಪಾಲರ ಅಧಿಕಾರಾವಧಿಯಲ್ಲಿ ನಡೆದುದು ಎಂಬುದನ್ನು ಓದುಗರು ಒಮ್ಮೆ ಯೋಚಿಸಿ ನೋಡಬೇಕು.

ಆ ಅವಧಿಯಲ್ಲಿಯೇ, ೧೯೩೭ರ ಮಾರ್ಚ್ ೧೭ರಂದು, ಮಹಾಡದ ದಾವೆಯ ಅಂತಿಮ ತೀರ್ಪು ಬಂದಿತು. ೧೯೩೧ರಲ್ಲಿ ಕೆಳಗಿನ ನ್ಯಾಯಾಲಯವೂ ೧೯೩೩ರಲ್ಲಿ ಠಾಣೆಯ ಅಪೀಲು ನ್ಯಾಯಾಲಯವೂ ಅಂಬೇಡ್ಕರರ ಪಕ್ಷವನ್ನೇ ಎತ್ತಿಹಿಡಿದಿದ್ದವು. ಹೈಕೋರ್ಟಿನಲ್ಲಿ ತೀರ್ಪು ನೀಡಿದವರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್. ೧೯೨೨ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರಿಗೆ ಆರು ವರ್ಷಗಳ ಶಿಕ್ಷೆಯನ್ನು ವಿಧಿಸಿದವರೂ ಅವರೇ. ಈಗ ವ್ಯಾಜ್ಯವು ಮುಖ್ಯವಾಗಿ ರೂಢಿಯ ಪ್ರಶ್ನೆಗೆ ಬಂದು ನಿಂತಿದ್ದಿತು. ನ್ಯಾಯಶಾಸ್ತ್ರದ ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ಕಲಿಯಬೇಕಾದ ಪಾಠವಿದು: ರೂಢಿಯೊಂದು ಕಾನೂನಿನ ಬಲ ಪಡೆಯಬೇಕಾದರೆ ಅದು ಪುರಾತನವಾಗಿರಬೇಕು, ಅವಿಚ್ಛಿನ್ನವಾಗಿರಬೇಕು, ನಿಶ್ಚಿತವಾಗಿರಬೇಕು, ಯುಕ್ತವಾಗಿರಬೇಕು. ಇಂಗ್ಲೆಂಡಿನಲ್ಲಿ ‘ನೆನಪಿಗೆ ನಿಲುಕದ ಕಾಲ’ ಎಂಬುದಕ್ಕೂ ಒಂದು ಗೆರೆಯೆಳೆದು, ಮೊದಲನೆಯ ರಿಚರ್ಡನು ಪಟ್ಟಕ್ಕೆ ಬಂದ ೧೧೮೯ನ್ನು ಗೊತ್ತುಮಾಡಿದ್ದರು. ನಮ್ಮಲ್ಲಿ ಅಂಥ ಗೆರೆ ಇರಲಿಲ್ಲವಾದರೂ ಪ್ರಾಚೀನತೆಯನ್ನು ರುಜುವಾತುಪಡಿಸುವ ಹೊಣೆಯು ರೂಢಿಯನ್ನು ಹೇಳುವವನದೇ ಆಗಿದ್ದಿತು. ಇತ್ತೀಚಿನ ತಲೆಮಾರಿನ ಆಚರಣೆಗೆ ಸಾಕ್ಷಿ ಉಂಟು. ಅನಾದಿಯೆಂಬುದಕ್ಕೆ ಸಾಕ್ಷಿ ಎಲ್ಲಿ? ಕೆರೆಯ ಸುತ್ತ ಸವರ್ಣೀಯರ ಮನೆಗಳು ಬೆಳೆಯುವ ಮುನ್ನ ಆ ನೀರನ್ನು ತಮಗೇ ಮೀಸಲಿಟ್ಟುಕೊಳ್ಳುವ ಪ್ರಯತ್ನವನ್ನು ಯಾರಾದರೂ ಮಾಡಿದ್ದರೆ? ಅನಾದಿ ರೂಢಿಯು ಸಿದ್ಧವಾಗಿಲ್ಲವೆಂದು ಹೈಕೋರ್ಟು ಅಪೀಲನ್ನು ವಜಾ ಮಾಡಿತು. ನ್ಯಾಯಶಾಸ್ತ್ರದ ಪೀಠದಲ್ಲಿ ಕುಳಿತವರೇ ಆ ಶಾಸ್ತ್ರದ ಒಂದು ಮೂಲಸೂತ್ರವನ್ನು ನಿರ್ಣಯಿಸುವ ದಾವೆಯಲ್ಲಿ ಪ್ರತಿವಾದಿಯಾಗಿ ಗೆದ್ದುದು ಅಪರೂಪವಾದ ಯೋಗ.

ಆದರೆ ಆ ಗೆಲುವಿನ ಮಿತಿಯನ್ನೂ ಹೇಳಬೇಕು. ಅಸ್ಪೃಶ್ಯತೆ ತಪ್ಪೆಂದು ಹೈಕೋರ್ಟು ಹೇಳಲಿಲ್ಲ. ರೂಢಿಗೆ ವಯಸ್ಸು ಸಾಲದೆಂದಿತು, ಅಷ್ಟೆ. ನಾಳೆ ಇನ್ನೊಂದು ಊರಿನವರು ಹಳೆಯ ದಾಖಲೆಗಳನ್ನು ತಂದು ತಮ್ಮ ರೂಢಿ ಅನಾದಿಯೆಂದು ಸಾಧಿಸಿದರೆ? ಒಂದೊಂದು ಕೆರೆಗೂ ಹತ್ತು ವರ್ಷ ದಾವೆ ನಡೆಯಿಸಲು ಬಡವರಿಗೆ ಸಾಧ್ಯವೆ? ಈ ಪ್ರಶ್ನೆಗೆ ಉತ್ತರವು ನ್ಯಾಯಾಲಯದಲ್ಲಿ ಇರಲಿಲ್ಲ, ಶಾಸನಸಭೆಯಲ್ಲಿ ಇದ್ದಿತು. ಅದೇ ಸೆಪ್ಟೆಂಬರಿನಲ್ಲಿ ಅವರು ಕೊಂಕಣದ ಖೋತಿ ಪದ್ಧತಿಯನ್ನು ರದ್ದುಗೊಳಿಸುವ ಮಸೂದೆಯನ್ನು ಮಂಡಿಸಿದರು. ಮರುವರ್ಷ ಪ್ರಿನ್ಸಿಪಾಲ ಪದವಿಗೆ ರಾಜೀನಾಮೆಯಿತ್ತರು.

ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯತ್ವ ಮೊದಲಾದ ಘಟ್ಟಗಳನ್ನು ಇಲ್ಲಿ ಬಿಟ್ಟು ಸಂವಿಧಾನಕ್ಕೆ ಬರೋಣ. ಸಂವಿಧಾನವು ಒಬ್ಬರ ಕೃತಿಯಲ್ಲ, ಹಲವು ಸಮಿತಿಗಳ ಮತ್ತು ಇಡಿಯ ಸಭೆಯ ಕೃತಿ. ಆದರೂ ಅದರ ಕೆಲವು ಮಾತುಗಳನ್ನು ಓದುವಾಗ ಮಹಾಡವು ನೆನಪಿಗೆ ಬಾರದಿರದು. ೧೫ನೆಯ ಅನುಚ್ಛೇದದಲ್ಲಿ, ರಾಜ್ಯದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಕೂಡದೆಂದು ಹೇಳಿದೆ. ಒಂದು ರಾಷ್ಟ್ರದ ಮೂಲ ಶಾಸನದಲ್ಲಿ ಕೆರೆ ಬಾವಿಗಳ ಹೆಸರು ಬರಬೇಕಾಯಿತೆಂದರೆ ಆ ರಾಷ್ಟ್ರದ ಚರಿತ್ರೆ ಎಂಥದಿರಬೇಕು! ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಇವೆರಡನ್ನೂ ಎಲ್ಲರೂ ಉಲ್ಲೇಖಿಸುತ್ತಾರೆ. ಕಾನೂನು ಕಲಿತವರ ಕಣ್ಣಿಗೆ ಬೀಳತಕ್ಕದ್ದು ೧೩ನೆಯದು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಶೂನ್ಯವೆಂದು ಹೇಳಿ, ‘ಕಾನೂನು’ ಎಂಬ ಶಬ್ದದೊಳಗೆ ಕಾನೂನಿನ ಬಲವುಳ್ಳ ರೂಢಿ ಮತ್ತು ಆಚರಣೆಗಳನ್ನೂ ಅದು ಸೇರಿಸಿತು. ಅಂದರೆ ಇನ್ನು ಮುಂದೆ ರೂಢಿಯ ವಯಸ್ಸನ್ನು ಕೇಳುವ ಕಾರಣವಿಲ್ಲ. ಅದು ಸಾವಿರ ವರ್ಷದ್ದಾದರೂ ಮನುಷ್ಯನ ಮೂಲಭೂತ ಹಕ್ಕಿಗೆ ವಿರುದ್ಧವಾದರೆ ನಿಲ್ಲದು. ಮಹಾಡದಲ್ಲಿ ತೆರೆದೇ ಉಳಿದಿದ್ದ ಬಾಗಿಲು ಇಲ್ಲಿ ಮುಚ್ಚಿತು.

ಇನ್ನೊಂದು ಬಾಗಿಲು ಉಳಿದಿದ್ದಿತು, ಅದು ಮನೆಯೊಳಗಿನದು. ೧೯೫೧ರಲ್ಲಿ ಮುಂಬಯಿ ಹೈಕೋರ್ಟು ನರಸು ಅಪ್ಪಾ ಮಾಳಿ ಎಂಬ ಮೊಕದ್ದಮೆಯಲ್ಲಿ, ವೈಯಕ್ತಿಕ ಕಾನೂನುಗಳು ೧೩ನೆಯ ಅನುಚ್ಛೇದದ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಪಿತ್ತಿತು. ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿಗಳು ಆ ಹಳೆಯ ಸಹೋದ್ಯೋಗಿ ಛಾಗ್ಲಾ ಅವರೇ. ವಿವಾಹ, ದಾಯಭಾಗ, ದತ್ತಕ ಇವುಗಳಲ್ಲಿ ಬದಲಾವಣೆ ಬೇಕಾದರೆ ಶಾಸನವನ್ನೇ ಮಾಡಬೇಕು. ಆ ಶಾಸನವನ್ನು, ಅಂದರೆ ಹಿಂದೂ ಸಂಹಿತೆಯ ಮಸೂದೆಯನ್ನು, ಕಾನೂನು ಮಂತ್ರಿಗಳಾಗಿದ್ದ ಅಂಬೇಡ್ಕರರು ಮೂರು ವರ್ಷಗಳಿಂದ ಸಭೆಯಲ್ಲಿ ಹೊತ್ತುಕೊಂಡು ನಡೆಯುತ್ತಿದ್ದರು.

೧೯೪೮ರ ಏಪ್ರಿಲ್ ೯ರಂದು ಆ ಮಸೂದೆಯ ಮೇಲೆ ಅವರು ಮಾಡಿದ ಭಾಷಣವು ನಮ್ಮಂಥ ಶಾಸ್ತ್ರಾಭ್ಯಾಸಿಗಳಿಗೆ ವಿಶೇಷ ಸ್ವಾರಸ್ಯವುಳ್ಳದ್ದು. ಪಾಠಶಾಲೆಯಲ್ಲಿ ನಾವು ಮೀಮಾಂಸೆಯನ್ನು ಓದುವಾಗ ಕಲಿತ ಕ್ರಮ ಇದು: ಶ್ರುತಿ, ಸ್ಮೃತಿ, ಸದಾಚಾರ, ಮೇಲಿನದಕ್ಕೆ ವಿರುದ್ಧವಾದರೆ ಕೆಳಗಿನದು ದುರ್ಬಲ. ಸ್ಮೃತಿವಚನಕ್ಕೆ ಎದುರಾಗಿ ಆಚಾರವು ನಿಲ್ಲಲಾರದು. ಆದರೆ ೧೮೬೮ರಲ್ಲಿ ಮಧುರೆಯ ಕಲೆಕ್ಟರರ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಪ್ರಿವಿ ಕೌನ್ಸಿಲು ಈ ಕ್ರಮವನ್ನು ತಲೆಕೆಳಗು ಮಾಡಿ, ರೂಢಿಯು ಸ್ಪಷ್ಟವಾಗಿ ಸಿದ್ಧವಾದರೆ ಅದು ಶಾಸ್ತ್ರವಚನವನ್ನೂ ಮೀರುತ್ತದೆಂದು ಹೇಳಿಬಿಟ್ಟಿತು. ಅಂಬೇಡ್ಕರರ ವಾದವು ಇಲ್ಲಿ ಕುಶಲವಾದುದು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕೊಡುವ ಸ್ಮೃತಿವಚನಗಳು ಇದ್ದೇ ಇವೆ. ಪ್ರಿವಿ ಕೌನ್ಸಿಲಿನ ಆ ಒಂದು ಮಾತು ಅಡ್ಡ ಬಾರದಿದ್ದರೆ ಯಾರಾದರೊಬ್ಬ ವಕೀಲರೋ ನ್ಯಾಯಾಧೀಶರೋ ಅವನ್ನು ಹೊರಗೆ ತೆಗೆದು ಸ್ತ್ರೀಯರಿಗೆ ನ್ಯಾಯ ದೊರಕಿಸುತ್ತಿದ್ದರು ಎಂದು ಅವರು ಹೇಳಿದರು. ಮನುಸ್ಮೃತಿಯನ್ನು ಸುಟ್ಟವರು ಸ್ಮೃತಿವಚನವನ್ನು ಆಧಾರವಾಗಿ ಎತ್ತುವುದೇ ಎಂದು ಆಶ್ಚರ್ಯಪಡುವವರುಂಟು. ನಮಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಎದುರಾಳಿ ಒಪ್ಪಿದ ಪ್ರಮಾಣದಿಂದಲೇ ಎದುರಾಳಿಯನ್ನು ಒಪ್ಪಿಸುವುದು ನಮ್ಮ ವಾದಪರಂಪರೆಯ ಹಳೆಯ ಕ್ರಮವೇ.

ಮಸೂದೆ ಮುಂದೆ ಸಾಗಲಿಲ್ಲ. ೧೯೫೧ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆಯಿತ್ತು ಹೊರಬಂದರು. ಅದೇ ಮಸೂದೆಯು ತುಂಡು ತುಂಡಾಗಿ, ೧೯೫೫–೫೬ರಲ್ಲಿ ನಾಲ್ಕು ಕಾಯಿದೆಗಳಾಗಿ ಜಾರಿಗೆ ಬಂದಿತು. ಈ ಕಾಯಿದೆಗಳು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತಮ್ಮ ವ್ಯಾಪ್ತಿಗೆ ಒಳಪಡಿಸಿಕೊಂಡಿವೆ. ಆದುದರಿಂದ ನಮ್ಮ ಸದ್ಭಕ್ತರ ಮನೆಗಳ ಆಸ್ತಿಯ ವ್ಯವಹಾರವು ಈ ಕಥೆಯ ಒಂದು ಭಾಗವೇ ಆಗಿದೆ. ಕಾಯಿದೆಯು ವಿಧಿಸಿದ ವಿಷಯಗಳಲ್ಲಿ ಹಿಂದಿನ ಶಾಸ್ತ್ರವಚನವಾಗಲಿ ರೂಢಿಯಾಗಲಿ ಇನ್ನು ನಡೆಯುವುದಿಲ್ಲವೆಂದು ಸ್ಪಷ್ಟವಾಗಿ ಬರೆದಿದೆ. ಮುಂದೆ ೧೯೯೪ರಲ್ಲಿ ಕರ್ನಾಟಕವೂ ೨೦೦೫ರಲ್ಲಿ ಕೇಂದ್ರವೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟವು.

ಇಷ್ಟಾದರೂ ಮಠಕ್ಕೆ ಬರುವ ಭಕ್ತರು ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮುನ್ನ ನಮ್ಮ ಆಶೀರ್ವಾದ ಬೇಡುವುದುಂಟು. ‘ಅಜ್ಜಾರೇ, ನಮ್ಮ ಮನೆತನದಾಗ ಹೆಣ್ಣುಮಕ್ಕಳಿಗೆ ಪಾಲು ಕೊಡೋ ರೂಢಿ ಇಲ್ರೀ’ ಎನ್ನುತ್ತಾರೆ. ಮಗಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ಎಂದಿನಿಂದ ಇಲ್ಲ ಎಂದು ನಾವು ಕೇಳುತ್ತೇವೆ. ಮುತ್ಯಾನ ಕಾಲದಿಂದ ಎಂಬ ಉತ್ತರ ಬರುತ್ತದೆ. ಅಂಥ ಪತ್ರಕ್ಕೆ ನಾವು ಭಸ್ಮವಿಟ್ಟು ಕೊಡುವುದಿಲ್ಲವೆಂಬುದನ್ನು ಈ ಸಂದರ್ಭದಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು.

ಬೋಧನೆಯ ವಿಷಯವಾಗಿ ಇನ್ನೊಂದು ಮಾತು ಉಳಿದಿದೆ. ಅಂಬೇಡ್ಕರರು ೧೯೪೫ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿ, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನೂ, ಬಳಿಕ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜನ್ನೂ ತೆರೆದಿದ್ದರು. ೧೯೫೬ರಲ್ಲಿ, ಆರೋಗ್ಯವು ಕುಸಿದಿದ್ದ ತಮ್ಮ ಕೊನೆಯ ವರ್ಷದಲ್ಲಿ, ಆ ಸೊಸೈಟಿಯು ಮುಂಬ��ಿಯಲ್ಲಿ ಸಿದ್ಧಾರ್ಥ ಲಾ ಕಾಲೇಜನ್ನು ಪ್ರಾರಂಭಿಸಿತು. ಹಿಂದೂ ಉತ್ತರಾಧಿಕಾರ ಕಾಯಿದೆಯು ಜಾರಿಗೆ ಬಂದುದೂ ಅದೇ ವರ್ಷದ ಜೂನ್ ೧೭ರಂದು. ಡಿಸೆಂಬರ್ ೬ರಂದು ಅವರು ದಿಲ್ಲಿಯಲ್ಲಿ ನಿಧನ ಹೊಂದಿದರು.